ಕೊರಿಯನ್ ಕಲಿಕೆಗೆ ಕನ್ನಡವೇ ಹತ್ತಿರದ ದಾರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ– ಈ ಐದು ಹೆಸರುಗಳು ಪತ್ರಿಕೆಗಳಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ. ಇಲ್ಲವೇ ಗುಳೆ ಹೋಗುವ ಕುಟುಂಬಗಳ ಕುರಿತ ವರದಿಗಳಲ್ಲಿ. 2021ರಲ್ಲಿ ಹೊಸಪೇಟೆಯ ಜೊತೆಗೂಡಿ ವಿಜಯನಗರ ಜಿಲ್ಲೆಯಾದ ಈ ಸೀಮೆಯ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಮೊಬೈಲ್ ಆ್ಯಪ್ ಹಿಡಿದು ಕೊರಿಯನ್ ಭಾಷೆ ಕಲಿಯಲು ಹೊರಟಿದ್ದಾರೆ ಎಂದರೆ ನಗರದ ಓದುಗರಿಗೆ ಸೋಜಿಗವೆನಿಸಬಹುದು. ಕೊಟ್ಟೂರಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಅದು ಸೋಜಿಗವಲ್ಲ. ಕೊರಿಯಾದ ಹಾಡು, ಧಾರಾವಾಹಿಗಳು ನೀರಿಗಿಂತ ಮೊದಲೇ ಇಲ್ಲಿನ ಮನೆಗಳನ್ನು ತಲುಪಿವೆ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಕೊರಿಯನ್ ಭಾಷೆಯ ಊರಿಗೆ ಹೋಗಲು ನಮ್ಮ ಮಕ್ಕಳು ಇಂಗ್ಲಿಷಿನ ಸುಂಕದಕಟ್ಟೆಯನ್ನು ಏಕೆ ದಾಟಬೇಕು?

ಈ ಪ್ರಶ್ನೆ ಹುಟ್ಟಿದ್ದು ಅಣ್ಣನ ಮಗಳಿಂದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಬಿ.ಕಾಂ. ಮುಗಿಸಿರುವ ಆಕೆ ಕೊರಿಯನ್ ಕಲಿಯತೊಡಗಿದಾಗ ಜೊತೆಗಿರಲೆಂದು ನಾನೂ ಆ್ಯಪ್ ಹಾಕಿಕೊಂಡೆ. ಆರು ತಿಂಗಳಿಂದ ದಿನಕ್ಕೆ ಅರ್ಧ ಗಂಟೆ ಇಬ್ಬರೂ ಕಲಿಯುತ್ತಿದ್ದೇವೆ. ನಾವು ಬಳಸುತ್ತಿರುವ ಆ್ಯಪ್ ಕೊರಿಯನ್ ವಾಕ್ಯವನ್ನು ಕೇಳಿಸಿ, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆಯಿಸುತ್ತದೆ. ಕೊರಿಯನ್ ವಾಕ್ಯ ಆಕೆಗೆ ಚೆನ್ನಾಗಿಯೇ ಅರ್ಥವಾಗಿರುತ್ತದೆ. ಆದರೆ ಉತ್ತರದಲ್ಲಿ 'ದಿ' ಇರಬೇಕಾದಲ್ಲಿ 'ಎ' ಬಂದರೆ ಕೆಂಪು ಗೆರೆ ಬೀಳುತ್ತದೆ. ಕೊರಿಯನ್ನಿನಲ್ಲಿ 'ಎ', 'ದಿ'ಗಳಿಲ್ಲ; ಕನ್ನಡದಲ್ಲೂ ಇಲ್ಲ. ಎರಡೂ ಭಾಷೆಗಳಿಗೆ ಬೇಡವಾದದ್ದು ನಡುವೆ ನಿಂತು ಅಂಕ ಕಳೆಯುತ್ತದೆ. "ಚಿಕ್ಕಪ್ಪಾ, ಇದು ಕೊರಿಯನ್ ಪರೀಕ್ಷೆಯೋ, ಇಂಗ್ಲಿಷ್ ಪರೀಕ್ಷೆಯೋ?" ಎಂದು ಆಕೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಆ್ಯಪ್‌ಗಳಿಂದ ಉಪಯೋಗವಿಲ್ಲ ಎನ್ನಲಾರೆ. ಕಲಿತದ್ದು ಮರೆಯುವ ಹೊತ್ತಿಗೆ ಸರಿಯಾಗಿ ಅದನ್ನೇ ಮತ್ತೆ ಮುಂದಿಡುವ ಅವುಗಳ ಉಪಾಯಕ್ಕೆ ಗಟ್ಟಿಯಾದ ತಳಹದಿಯಿದೆ. ಮರೆವು ಎಷ್ಟು ಬೇಗ ಆವರಿಸುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದ. ಮಗ್ಗಿಯನ್ನು ದಿನವೂ ಬಾಯಿಪಾಠ ಹೇಳಿಸುತ್ತಿದ್ದ ನಮ್ಮ ಹಳೆಯ ಮಾಸ್ತರರಿಗೂ ಇದು ತಿಳಿದಿತ್ತು. ಗುರುವಿಲ್ಲದ ಊರಿನಲ್ಲಿ ಕೊರಿಯನ್ನರ ಉಚ್ಚಾರಣೆ ಕಿವಿಗೆ ಬೀಳುವುದೇ ದೊಡ್ಡ ಭಾಗ್ಯ.

ಲಿಪಿಯಂತೂ ಹೆದರಿಸುವಂಥದ್ದಲ್ಲ. ಜೋಸೆಯೊನ್ ರಾಜ ಸೆಜೊಂಗ್ ರೂಪಿಸಿದ 'ಹಂಗುಲ್' ಲಿಪಿ ಸಿದ್ಧವಾದದ್ದು 1443ರಲ್ಲಿ. ಪ್ರೌಢದೇವರಾಯನ ಕಾಲದ ಹಂಪಿಯನ್ನು ಕಂಡು ಬೆರಗಾಗಿ ಬರೆದ ಅಬ್ದುರ್ ರಜಾಕ್ ಇಲ್ಲಿಗೆ ಬಂದದ್ದೂ ಅದೇ ವರ್ಷ. 1446ರಲ್ಲಿ ಲಿಪಿಯನ್ನು ಜನರ ಮುಂದಿಟ್ಟ ರಾಜ, ಚೀನೀ ಅಕ್ಷರಗಳನ್ನು ಕಲಿಯಲಾಗದ ಸಾಮಾನ್ಯರೂ ತಮ್ಮ ಮನಸ್ಸಿನ ಮಾತನ್ನು ಬರೆಯುವಂತಾಗಲಿ ಎಂದು ಕಾರಣ ಕೊಟ್ಟಿದ್ದ. ಆಗ ಇದ್ದ ಮೂಲಾಕ್ಷರಗಳು 28, ಈಗ 24. 'ಗ'ಕಾರದ ಗುರುತು ನಾಲಗೆಯ ಬುಡ ಮೇಲೆದ್ದಿರುವ ಆಕಾರ, 'ನ'ಕಾರದ್ದು ನಾಲಗೆಯ ತುದಿ ಹಲ್ಲಿನ ಬಳಿಗೆ ತಾಗಿದ ಆಕಾರ, 'ಮ'ಕಾರದ್ದು ಬಾಯಿಯ ಚೌಕ. ಕಂಠ್ಯ, ದಂತ್ಯ, ಓಷ್ಠ್ಯ ಎಂದು ವರ್ಣಮಾಲೆ ಕಲಿತ ಕನ್ನಡಿಗನಿಗೆ ಈ ವಿಂಗಡಣೆ ಮನೆಯ ಮಾತು. ವ್ಯಂಜನ, ಸ್ವರ ಸೇರಿ ಒಂದು ಅಕ್ಷರವಾಗುವುದು, ಕೊನೆಯ ವ್ಯಂಜನ ನಮ್ಮ ಒತ್ತಕ್ಷರದಂತೆ ಕೆಳಗೆ ಕೂರುವುದು– ಎಲ್ಲವೂ ಪರಿಚಿತ. ಇಂಗ್ಲಿಷ್ ಕಲಿತವನಿಗಾಗಿ ಬರೆದ ಪಾಠಗಳು ಇದನ್ನು ಹೊಸ ಸಂಗತಿಯೆಂಬಂತೆ ಪುಟಗಟ್ಟಲೆ ವಿವರಿಸುತ್ತವೆ.

ವಾಕ್ಯರಚನೆಗೆ ಬಂದರೆ ಹತ್ತಿರ ಇನ್ನೂ ಹೆಚ್ಚು. 'ನಾನುನ್ ಹಾಕ್ಯೊ-ಎ ಗಾಯೊ' ಎಂದರೆ 'ನಾನು ಶಾಲೆ-ಗೆ ಹೋಗುತ್ತೇನೆ'. ಪದಗಳ ಕ್ರಮ ಒಂದೇ; 'ಎ' ಎಂಬುದು ನಮ್ಮ 'ಗೆ'ಯ ಹಾಗೆ ನಾಮಪದದ ಹಿಂದೆ ಬರುವ ಪ್ರತ್ಯಯ. 'ಒಜೆ ಓನ್ ಸಾರಾಮ್' ಎಂದರೆ 'ನಿನ್ನೆ ಬಂದ ವ್ಯಕ್ತಿ'. ಇದನ್ನು ಇಂಗ್ಲಿಷಿಗೆ ತರಲು ವಾಕ್ಯವನ್ನು ಹಿಂದುಮುಂದು ಮಾಡಿ, ನಡುವೆ 'ಹೂ' ಸೇರಿಸಬೇಕು. ನಮಗೆ ಪದಕ್ಕೆ ಪದ ಇಟ್ಟರೆ ಸಾಕು. 'ಮೊಗೊ ಬ್ವಾಯೊ' ಎಂಬುದನ್ನು ಆ್ಯಪ್ 'ತಿನ್ನಲು ಪ್ರಯತ್ನಿಸಿ' ಎಂಬರ್ಥದ ಇಂಗ್ಲಿಷಿನಲ್ಲಿ ಹೇಳುತ್ತದೆ. ಅದರ ನಿಜವಾದ ರಚನೆ 'ತಿಂದು ನೋಡಿ'. 'ಪ್ರಯತ್ನ'ದ ಅರ್ಥಕ್ಕೆ 'ನೋಡು' ಎಂಬ ಕ್ರಿಯಾಪದವನ್ನು ಬಳಸುವುದು ಎರಡೂ ಭಾಷೆಗಳ ರೂಢಿ. ಅಣ್ಣನ ಮಗಳಿಗೆ ಹೀಗೆಂದು ಹೇಳಿದ ದಿನ ಆಕೆ ಹತ್ತು ವಾಕ್ಯಗಳನ್ನು ತಾನೇ ಕಟ್ಟಿದಳು.

ಬಂಧುವಾಚಕಗಳ ಕಥೆಯೂ ಅದೇ. ಕೊರಿಯನ್ನಿನಲ್ಲಿ ಹುಡುಗಿ ತನ್ನ ಅಣ್ಣನನ್ನು 'ಒಪ್ಪಾ' ಎಂದೂ ಅಕ್ಕನನ್ನು 'ಒನ್ನಿ' ಎಂದೂ ಕರೆಯುತ್ತಾಳೆ. ಹುಡುಗನ ಬಾಯಲ್ಲಿ ಅಣ್ಣ 'ಹ್ಯೊಂಗ್', ಅಕ್ಕ 'ನೂನಾ'. ಗುರುತಿಲ್ಲದವರನ್ನೂ ಅಕ್ಕ, ಅಣ್ಣ ಎನ್ನುವ, ಹಿರಿಯರ ಮುಂದೆ ಕ್ರಿಯಾಪದವನ್ನೇ ಬದಲಿಸುವ ಸಮಾಜ ಅದು. 'ಬಾ', 'ಬನ್ನಿ'ಗಳ ನಡುವಿನ ಅಂತರವನ್ನು ಕೂಡ್ಲಿಗಿಯ ಮಗುವಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಚೀನೀ ಮೂಲದ ಪದಗಳು ಕೊರಿಯನ್ನಿನಲ್ಲಿ ಬೆರೆತಿರುವ ಬಗೆಯೂ ಸಂಸ್ಕೃತ ಪದಗಳು ಕನ್ನಡದಲ್ಲಿ ನೆಲೆಸಿರುವ ಬಗೆಯನ್ನು ನೆನಪಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮ್ಮನಿಗೆ 'ಒಮ್ಮಾ', ಅಪ್ಪನಿಗೆ 'ಆಪ್ಪಾ', 'ಇಲ್ಲಿ ಬಾ'ಗೆ 'ಇರಿ ವಾ' ಎನ್ನುವುದನ್ನು ಕೇಳಿದೊಡನೆ ಎರಡೂ ಒಂದೇ ತಾಯಿಯ ಮಕ್ಕಳೆಂದು ಘೋಷಿಸುವ ಉತ್ಸಾಹ ನಮ್ಮಲ್ಲಿ ಹೆಚ್ಚು. ಕೊರಿಯಾದಲ್ಲಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ್ದ. ಆದರೆ ಭಾಷಾವಿಜ್ಞಾನಿಗಳು ಈ ರಕ್ತಸಂಬಂಧವನ್ನು ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಹಿಂದೆ ಅಂಟುವುದು ಜಪಾನಿ, ತುರ್ಕಿ ಭಾಷೆಗಳಲ್ಲೂ ಉಂಟು. ವ್ಯತ್ಯಾಸಗಳೂ ಕಡಿಮೆಯಿಲ್ಲ. 'ಗಾಯೊ' ಎಂಬ ಒಂದೇ ರೂಪ ನಾನು, ನೀನು, ಅವಳು ಎಲ್ಲರಿಗೂ ಸಲ್ಲುತ್ತದೆ. 'ನಾನುನ್' ಎಂಬಲ್ಲಿನ 'ನುನ್', ಮಾತಿನ ವಿಷಯವನ್ನು ಮುಂದಿಡುವ ಪ್ರತ್ಯಯ. ಅದಕ್ಕೆ ನಮ್ಮಲ್ಲಿ ನೇರ ಸಾಟಿಯಿಲ್ಲ. ಕೆಲವು ಸ್ವರಗಳು ಕನ್ನಡ ಲಿಪಿಗೆ ಒಗ್ಗುವುದೇ ಇಲ್ಲ. ಮೇಲೆ ಬರೆದ ಉಚ್ಚಾರಣೆಗಳೂ ಅಂದಾಜಿನವೇ. ನಂಟಸ್ತಿಕೆ ಬೇಕಿಲ್ಲ, ನೆರೆಹೊರೆಯ ಹೋಲಿಕೆ ಸಾಕು. ಕಲಿಯುವವನಿಗೆ ಬೇಕಾದದ್ದು ವಂಶಾವಳಿಯಲ್ಲ, ಮೆಟ್ಟಿಲು.

ಕೊರಿಯನ್ ಕಲಿತು ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ತಾಳಿಕೋಟೆ ಕಾಳಗದ ನಂತರ ವಿಜಯನಗರದ ರಾಜಧಾನಿಯಾಗಿದ್ದ ಪೆನುಕೊಂಡದ ಬಳಿ 2019ರಲ್ಲಿ ಕಿಯಾ ಕಾರು ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅದು ಆಂಧ್ರದಲ್ಲಿದ್ದರೂ ಕರ್ನಾಟಕದ ಗಡಿಗೆ ಸಮೀಪ. ಬೆಂಗಳೂರಿನಲ್ಲಿ ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳ ಸಂಶೋಧನಾ ಕೇಂದ್ರಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲಾ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನನ್ನೂ ಹೆಸರಿಸಿದೆ. ಇನ್ನೊಂದು ನೆನಪೂ ಇದೆ. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವುದು ಮುಂಡರಗಿ ಸೀಮೆ. ಅಲ್ಲಿನ ಹಳ್ಳಿಗುಡಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಲು ಕೊರಿಯಾದ ಪೋಸ್ಕೊ 2010ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮತ್ತು ರೈತರ ಪ್ರತಿಭಟನೆಯಿಂದಾಗಿ 2011ರಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ನಮ್ಮ ಹೊಲದ ಬದುವಿಗೆ ಬಂದು ನಿಲ್ಲುವವರೊಡನೆ ವ್ಯವಹರಿಸುವಾಗ, ಒಪ್ಪುವುದಕ್ಕಾಗಲಿ ಒಲ್ಲೆ ಎನ್ನುವುದಕ್ಕಾಗಲಿ, ಅವರ ಭಾಷೆ ಬಲ್ಲ ನಾಲ್ಕು ಜನ ನಮ್ಮವರಿರುವುದು ಲೇಸು.

"ಹೇಗಿದ್ದರೂ ಇಂಗ್ಲಿಷ್ ಬೇಕೇ ಬೇಕಲ್ಲ, ಮೊದಲು ಅದನ್ನೇ ಕಲಿಯಲಿ" ಎಂಬ ವಾದವನ್ನೂ ಕೇಳಿದ್ದೇನೆ. ಇಂಗ್ಲಿಷ್ ಕಲಿಯಬಾರದೆಂದು ಯಾರೂ ಹೇಳುತ್ತಿಲ್ಲ. ಆದರೆ ಇಂಗ್ಲಿಷಿನಲ್ಲಿ ಹಿಂದುಳಿದವರಿಗೆ ಜಗತ್ತಿನ ಉಳಿದೆಲ್ಲ ಬಾಗಿಲುಗಳೂ ಮುಚ್ಚಿರಬೇಕೆಂಬುದು ಯಾವ ನ್ಯಾಯ? ಈ ಐದು ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಮಾತನಾಡುವ ಮಗು ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಉರ್ದುಗಳನ್ನು ಯಾವ ಪುಸ್ತಕವೂ ಇಲ್ಲದೆ ಕಲಿಯುತ್ತದೆ. ಅದನ್ನು ಭಾಷೆಗಳಲ್ಲಿ ದಡ್ಡ ಎನ್ನುವುದು ಕಲಿಸುವವರ ಅಜ್ಞಾನವೇ ಹೊರತು ಬೇರೇನಲ್ಲ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು, ಬೈಬಲನ್ನು ಕನ್ನಡಿಸಿದರು. ಅಲ್ಲಿಯೇ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಪ್ರಕಟಿಸಿದರು. ತಮ್ಮ ನುಡಿಯಿಂದ ನಮ್ಮ ನುಡಿಗೆ ಅವರು ನೇರವಾಗಿ ಸೇತುವೆ ಕಟ್ಟಿಕೊಂಡರು. ಮೂರನೆಯವರ ಮನೆಯ ಮೂಲಕ ಹಾದುಬರಲಿಲ್ಲ. ಎರಡು ಶತಮಾನಗಳ ನಂತರ ಅಂಥ ಕೆಲಸ ನಮಗೇಕೆ ಆಗದು?

1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇರುವುದು ನಮ್ಮ ಜಿಲ್ಲೆಯಲ್ಲೇ. ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವಿದೆ. ಕೊರಿಯನ್ ಬಲ್ಲ ಕನ್ನಡಿಗರು ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಇವರೆಲ್ಲ ಕೂಡಿದರೆ ಕನ್ನಡದಿಂದಲೇ ಕೊರಿಯನ್ ಕಲಿಸುವ ನೂರು ಪುಟದ ಒಂದು ಕೈಪಿಡಿ, ಜೊತೆಗೆ ಧ್ವನಿಮುದ್ರಿತ ಪಾಠಗಳು ಒಂದೆರಡು ವರ್ಷಗಳಲ್ಲಿ ಸಿದ್ಧವಾಗಬಲ್ಲವು. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ. 'ತಿಂದು ನೋಡಿ' ಎಂಬುದನ್ನು 'ತಿಂದು ನೋಡಿ' ಎಂದೇ ಕಲಿಸುವ ಬುದ್ಧಿ ಸಾಕು. ಕನ್ನಡವನ್ನು ಉಳಿಸಬೇಕೆಂದು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಕೂಗುವವರು ಇದನ್ನು ಯೋಚಿಸಬೇಕು. ಕನ್ನಡದ ಮೂಲಕ ಜಗತ್ತನ್ನು ತಲುಪಬಹುದು ಎಂದು ತಿಳಿದ ದಿನ ಹಡಗಲಿಯ, ಹರಪನಹಳ್ಳಿಯ ಹುಡುಗಿಗೆ ಕನ್ನಡದ ಬಗ್ಗೆ ಅಭಿಮಾನವನ್ನು ಯಾರೂ ಉಪದೇಶಿಸಬೇಕಾಗುವುದಿಲ್ಲ.