ವಂಶದ ಹೃದಯಕ್ಕೊಂದು ಕ್ಲಿನಿಕ್

ಹೃದ್ರೋಗ ತಜ್ಞರ ಬಳಿ ಹೋದರೆ ಮೊದಲು ಇಸಿಜಿ, ಆಮೇಲೆ ಎಕೋ, ಕೊನೆಗೆ ಮಾತ್ರೆಯ ಚೀಟಿ. ಅಮೆರಿಕ, ಬ್ರಿಟನ್‌ಗಳ ಕೆಲವು ಆಸ್ಪತ್ರೆಗಳಲ್ಲಿರುವ ‘ಎಚ್‌ಸಿಎಂ ಕ್ಲಿನಿಕ್’ಗಳಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿ ಜೆನೆಟಿಕ್ ಕೌನ್ಸೆಲರ್ ಒಬ್ಬರು ಕೂತು ರೋಗಿಯ ಮೂರು ತಲೆಮಾರಿನ ವಂಶವೃಕ್ಷ ಬರೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆಯಿದ್ದವರ ಗುರುತಿನೊಳಗೆ ಕಪ್ಪು, ತೀರಿಹೋದವರ ಮೇಲೊಂದು ಓರೆ ಗೆರೆ. ‘ದೊಡ್ಡಪ್ಪ ಹಾರ್ಟ್ ಅಟ್ಯಾಕ್ ಆಗಿ ಹೋದರು’ ಎಂದರೆ ಅವರಿಗೆ ಸಾಲದು. ಆಗ ವಯಸ್ಸೆಷ್ಟು, ಓಡುತ್ತಿದ್ದರೇ, ಅದಕ್ಕೆ ಮೊದಲು ಎಂದಾದರೂ ತಲೆಸುತ್ತಿ ಬಿದ್ದಿದ್ದರೇ ಎಂದು ಕೇಳುತ್ತಾರೆ. ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ (ಎಚ್‌ಸಿಎಂ) ಎಂದರೆ ಬಿಪಿಯಂಥ ಹೊರಗಿನ ಕಾರಣವಿಲ್ಲದೆ ಹೃದಯದ ಸ್ನಾಯು, ಅದರಲ್ಲೂ ಎಡ ಬಲ ಕೋಣೆಗಳ ನಡುಗೋಡೆ ದಪ್ಪವಾಗುವ ಕಾಯಿಲೆ. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ತಂದೆ ಅಥವಾ ತಾಯಿಯಲ್ಲಿ ಇದಕ್ಕೆ ಕಾರಣವಾದ ಜೀನ್ ದೋಷವಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ 50. ಬಹಳಷ್ಟು ಮಂದಿ ತುಂಬು ಆಯುಷ್ಯ ಬಾಳುತ್ತಾರೆ, ಕೆಲವರು ಆಟದ ಮೈದಾನದಲ್ಲೇ ಕುಸಿಯುತ್ತಾರೆ. ಇವರು ಯಾರು, ಅವರು ಯಾರು ಎಂದು ಬೇರ್ಪಡಿಸುವುದು ಒಬ್ಬ ವೈದ್ಯರ ಕೈಗೆ ನಿಲುಕುವ ಕೆಲಸವಲ್ಲ ಎಂಬುದು ನನ್ನ ವಾದ. ಈ ಕಾಯಿಲೆಯ ಚರಿತ್ರೆಯೂ ಅದನ್ನೇ ಹೇಳುತ್ತದೆ.

1958ರಲ್ಲಿ ಲಂಡನ್ನಿನ ಪೆಥಾಲಜಿಸ್ಟ್ ಡೊನಾಲ್ಡ್ ಟಿಯರ್ ಎಂಟು ಮಂದಿಯ ದಪ್ಪಗಟ್ಟಿದ ಹೃದಯಗಳನ್ನು ಪರೀಕ್ಷಿಸಿ ವರದಿ ಬರೆದರು. ಹೆಚ್ಚಿನವರು ಹಠಾತ್ತನೆ ಸತ್ತವರು. ಸರಿಸುಮಾರು ಅದೇ ಕಾಲಕ್ಕೆ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಹೃದಯ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಆಂಡ್ರ್ಯೂ ಗ್ಲೆನ್ ಮಾರೊ ಒಂದು ಒಗಟಿಗೆ ಸಿಕ್ಕಿಕೊಂಡಿದ್ದರು. ಕವಾಟದ ಕೆಳಗೆ ರಕ್ತಕ್ಕೆ ತಡೆಯಿದೆಯೆಂದು ಒತ್ತಡದ ಅಳತೆ ಖಚಿತವಾಗಿ ಹೇಳುತ್ತದೆ. ಎದೆ ತೆರೆದು ಹೃದಯ ನಿಲ್ಲಿಸಿ ನೋಡಿದರೆ ತಡೆಯೇ ಇಲ್ಲ! ಬಡಿಯುತ್ತಿರುವಾಗ ಮಾತ್ರ ದಪ್ಪ ಗೋಡೆಯೂ ಕವಾಟದ ಎಲೆಯೂ ಹತ್ತಿರ ಬಂದು ದಾರಿ ಕಟ್ಟುತ್ತವೆ. ನಿಂತ ಹೃದಯದಲ್ಲಿ ಆ ತಡೆ ಕಾಣುವುದು ಹೇಗೆ? ಒತ್ತಡ ಅಳೆಯುವ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ಕತ್ತರಿಸುವ ಮಾರೊ ಒಂದೇ ಸೂರಿನಡಿ ಕೆಲಸ ಮಾಡದಿದ್ದರೆ ಈ ಒಗಟು ಇನ್ನೆಷ್ಟು ಕಾಲ ಉಳಿಯುತ್ತಿತ್ತೋ. ಮಹಾಪಧಮನಿಯನ್ನು ತೆರೆದು, ಕವಾಟದ ಮೂಲಕವೇ ಒಳಹೊಕ್ಕು, ನಡುಗೋಡೆಯಿಂದ ಕೆಲವೇ ಗ್ರಾಂ ಸ್ನಾಯು ಕೆತ್ತಿ ತೆಗೆಯುವ ವಿಧಾನವನ್ನು ಮಾರೊ ರೂಢಿಗೆ ತಂದರು. ಅದು ಇವತ್ತಿಗೂ ಅವರ ಹೆಸರಿನಲ್ಲೇ ಇದೆ. ಕಡಿಮೆ ಕೆತ್ತಿದರೆ ತಡೆ ಉಳಿಯುತ್ತದೆ, ಹೆಚ್ಚಾದರೆ ಗೋಡೆಯೇ ತೂತು. ಆ ಮಾರೊ ಅವರಿಗೇ ಇದೇ ಕಾಯಿಲೆಯಿತ್ತು. 1982ರಲ್ಲಿ ಅವರು ತೀರಿಕೊಂಡಿದ್ದೂ ಇದರಿಂದಲೇ. ವೈದ್ಯಕೀಯ ಚರಿತ್ರೆಯಲ್ಲಿ ಇಂಥ ಕ್ರೂರ ಕಾಕತಾಳೀಯಗಳು ಕಡಿಮೆ.

‘ಒಳ್ಳೆಯ ಸರ್ಜನ್ ಇದ್ದರೆ ಎಲ್ಲಾದರೂ ಆಗುತ್ತದೆ, ಪ್ರತ್ಯೇಕ ಕ್ಲಿನಿಕ್ ಏಕೆ?’ ಎಂಬ ಆಕ್ಷೇಪಕ್ಕೆ ಅಂಕಿಅಂಶಗಳೇ ಉತ್ತರ. 2003ರಿಂದ 2011ರವರೆಗಿನ ಅಮೆರಿಕದ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಈ ಶಸ್ತ್ರಚಿಕಿತ್ಸೆಯನ್ನು ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ 15.6, ಹೆಚ್ಚು ಮಾಡುವಲ್ಲಿ ಶೇ 3.8. ದೊಡ್ಡ ಆಸ್ಪತ್ರೆಗಳು ಸುಲಭದ ರೋಗಿಗಳನ್ನು ಆರಿಸಿಕೊಂಡಿರಬಹುದು ಎನ್ನಬಹುದು. ಸ್ವಲ್ಪ ಮಟ್ಟಿಗೆ ಇರಲೂಬಹುದು. ಆದರೆ ನಾಲ್ಕು ಪಟ್ಟಿನ ಅಂತರವನ್ನು ಆ ಒಂದು ಕಾರಣ ವಿವರಿಸಲಾರದು. 2020ರ ಅಮೆರಿಕನ್ ಮಾರ್ಗಸೂಚಿಯಂತೂ ಪರಿಣತ ಕೇಂದ್ರಗಳಿಗೆ ಶೇ 1ರ ಗುರಿಯಿಟ್ಟಿದೆ. ಚಾಕು ಬೇಕಾಗುವುದು ಕೆಲವರಿಗಷ್ಟೇ. ಉಳಿದವರಿಗೆ ಎಕೋ ಮಾಡುವವರು ‘ಉಸಿರು ಬಿಗಿಹಿಡಿದು ಮುಕ್ಕಿರಿ’ ಎಂದು ಹೇಳಿ ಅಡಗಿರುವ ತಡೆಯನ್ನು ಹುಡುಕಬೇಕು, ಎಂಆರ್‌ಐ ಓದುವವರು ಸ್ನಾಯುವಿನ ಕಲೆಗಳನ್ನು ಗುರುತಿಸಬೇಕು, ಹೃದಯದ ಲಯ ನೋಡುವವರು ಎದೆಯೊಳಗೆ ಶಾಕ್ ಕೊಡುವ ಐಸಿಡಿ ಬೇಕೋ ಬೇಡವೋ ತೀರ್ಮಾನಿಸಬೇಕು. ‘ನಿಮಗೆ ಏನೂ ಬೇಡ’ ಎಂದು ಧೈರ್ಯವಾಗಿ ಹೇಳಲಿಕ್ಕೂ ಇಷ್ಟು ಜನ ಬೇಕು.

ಇದು ದೂರದೇಶದ ಕತೆ ಎಂದು ಬಿಡುವಂತಿಲ್ಲ. ಈ ಕಾಯಿಲೆಗೆ ನಂಟಿರುವ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳು ಕಾಣೆಯಾದ ಒಂದು ರೂಪ ಭಾರತೀಯರಲ್ಲಿ ಸುಮಾರು ಶೇ 4ರಷ್ಟು ಜನರಲ್ಲಿದೆ ಎಂದು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಈ ರೂಪ ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ಆದ್ದರಿಂದಲೇ ವಿವರಿಸುವವರಿಲ್ಲದ ಲ್ಯಾಬ್ ರಿಪೋರ್ಟು ಅಪಾಯಕಾರಿ. ಸೋದರಮಾವನಿಗೆ ಹೆಣ್ಣು ಕೊಡುವ ಮನೆತನಗಳಲ್ಲಿ ಮಗುವಿಗೆ ಎರಡೂ ಕಡೆಯಿಂದ ದೋಷ ಬರುವ ಸಂಭವ ಹೆಚ್ಚು, ಹಾಗೆ ಬಂದಾಗ ಕಾಯಿಲೆಯೂ ಉಗ್ರ. ‘ಇದೆಲ್ಲ ಬಹಿರಂಗವಾದರೆ ಮದುವೆ ಕೂಡಿಬರುವುದಿಲ್ಲ, ವಿಮೆ ಸಿಗುವುದಿಲ್ಲ’ ಎನ್ನುವವರ ಭಯವನ್ನು ಹಗುರವಾಗಿ ನೋಡಲಾರೆ. ಆನುವಂಶಿಕ ಕಾಯಿಲೆಯೆಂದು ವಿಮೆ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದ್ದು ಇದೇ ಕಾಯಿಲೆಯ ರೋಗಿಯೊಬ್ಬರ ಮೊಕದ್ದಮೆಯಲ್ಲಿ. ಪ್ರಕರಣ ಮುಂದೆ ಸುಪ್ರೀಂ ಕೋರ್ಟಿಗೂ ಹೋಯಿತು. ಆದರೆ ಗುಟ್ಟು ಕಾಪಾಡಿದ ಮಾತ್ರಕ್ಕೆ ತಮ್ಮನ ಹೃದಯದ ಗೋಡೆ ತೆಳುವಾಗುವುದಿಲ್ಲ. ಏನು ಹೇಳಬೇಕು, ಯಾರಿಗೆ, ಎಷ್ಟು ಎಂದು ಮನೆಯವರ ಜೊತೆ ಕೂತು ಯೋಚಿಸುವುದೂ ಕೌನ್ಸೆಲರ್ ಕೆಲಸವೇ.

ಬೀದರಿನವರು, ಸುಳ್ಯದವರು ಪ್ರತಿ ಸಲ ರಾಜಧಾನಿಗೆ ಓಡಿಬರಬೇಕೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಬೇಕಿಲ್ಲ. ದಿನನಿತ್ಯದ ಆರೈಕೆ ಊರಿನ ವೈದ್ಯರದು, ಕಷ್ಟದ ತೀರ್ಮಾನಗಳು ಮಾತ್ರ ಕೇಂದ್ರದ್ದು ಎಂಬ ಹಂಚಿಕೆಯನ್ನೇ ಮಾರ್ಗಸೂಚಿಯೂ ಸೂಚಿಸುತ್ತದೆ. ಹೃದಯ ಚಿಕಿತ್ಸೆಗೆ ಹೆಸರಾದ ನಮ್ಮ ಸರ್ಕಾರಿ ಸಂಸ್ಥೆಗಳು ಇದಕ್ಕೆಂದು ವಾರಕ್ಕೊಂದು ದಿನ ಮೀಸಲಿಟ್ಟು, ಒಂದು ಕೌನ್ಸೆಲರ್ ಹುದ್ದೆ ಮಂಜೂರು ಮಾಡಿಸಿಕೊಂಡರೂ ದೊಡ್ಡ ಆರಂಭ. ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೆಂದು ತಿಳಿದರೆ, ಅಥವಾ ಎಳೆ ವಯಸ್ಸಿನಲ್ಲಿ ಕಾರಣ ತಿಳಿಯದೆ ಹಠಾತ್ತನೆ ಯಾರಾದರೂ ಹೋಗಿದ್ದರೆ, ಅವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಇಸಿಜಿ ಮತ್ತು ಎಕೋ ಮಾಡಿಸಿ. ಕಾಯಿಲೆ ಖಚಿತವಾದ ಮನೆಗಳಲ್ಲಿ ಮೊದಲ ಸಲ ಸರಿಯಿದೆ ಎಂದರೂ ಬೆಳೆಯುವ ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕಾಗುತ್ತದೆ.