ಎಳೆಯ ಮಕ್ಕಳ ಕಿವುಡು: ಕಾದು ನೋಡುವುದೇ ದೊಡ್ಡ ತಪ್ಪು



ಈ ಪುಟಗಳಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ ಮುಂತಾದವನ್ನು ಓದಿ ರೂಢಿಯಾದ ತಮಗೆ, ಮಕ್ಕಳ ಕಿವಿಯ ವಿಚಾರ ಇಲ್ಲೇಕೆ ಎನಿಸಬಹುದು. ರೋಗವನ್ನು ಆರಂಭದಲ್ಲೇ ಗುರುತಿಸಬೇಕೆಂಬ ಮಾತನ್ನು ತೋಟದ ಮಟ್ಟಿಗೆ ನಾವೆಲ್ಲರೂ ಒಪ್ಪುತ್ತೇವೆ. ತೊಟ್ಟಿಲಿನ ವಿಷಯಕ್ಕೆ ಬಂದಾಗ ಮಾತ್ರ "ಇನ್ನೂ ಚಿಕ್ಕದು, ನೋಡೋಣ" ಎಂದು ಮುಂದೂಡುತ್ತೇವೆ. ಆದ್ದರಿಂದಲೇ ಈ ಲೇಖನ.

ಎರಡು ವರ್ಷ ತುಂಬಿದರೂ ಮಗು 'ಅಮ್ಮ' ಎನ್ನುವುದಿಲ್ಲ. "ಅವನ ಅಪ್ಪನೂ ತಡವಾಗಿಯೇ ಮಾತು ಕಲಿತದ್ದು" ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಬಜೆ ತೇದು ನಾಲಿಗೆಗೆ ಹಚ್ಚುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ ಎಂದು ಮತ್ತೊಂದು ವರ್ಷ ಹೋಗುತ್ತದೆ. ಕೊನೆಗೆ ನಾಲ್ಕನೆಯ ವರ್ಷದಲ್ಲಿ ವೈದ್ಯರಲ್ಲಿಗೆ ಹೋದಾಗ ತಿಳಿಯುವುದು, ದೋಷವಿದ್ದದ್ದು ನಾಲಿಗೆಯಲ್ಲಲ್ಲ, ಕಿವಿಯಲ್ಲಿ ಎಂದು. ಕೇಳದ ಮಾತನ್ನು ಮಗು ಆಡುವುದಾದರೂ ಹೇಗೆ?

ಕಾಲದ ಮಹತ್ವ

ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿಯೇ ಶಿಶುವಿಗೆ ತಾಯಿಯ ದನಿ ಕೇಳಿಸುತ್ತಿರುತ್ತದೆ. ಹುಟ್ಟಿದ ಮೇಲಿನ ಮೊದಲ ಮೂರು ವರ್ಷಗಳಲ್ಲಿ ಮಿದುಳು ಮಾತನ್ನು ಅತಿ ವೇಗವಾಗಿ ಹೀರಿಕೊಳ್ಳುತ್ತದೆ. ಈ ಅವಧಿಯಲ್ಲಿ ಶಬ್ದ ತಲಪದಿದ್ದರೆ ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಶಕ್ತಿಯೇ ಬೆಳೆಯದೆ ಉಳಿಯುತ್ತದೆ. ರೊಬಸ್ಟಾ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಕಾಲದಲ್ಲಿ ಬೀಳಬೇಕಾದ ಒಂದಿಂಚು ಹೂಮಳೆ ತಪ್ಪಿದರೆ, ಆಷಾಢದಲ್ಲಿ ನೂರಿಂಚು ಸುರಿದರೂ ಆ ವರ್ಷದ ಹೂವು ಬಾರದು.

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ಆರು ತಿಂಗಳೊಳಗೆ ಕಿವುಡು ಪತ್ತೆಯಾಗಿ ಆರೈಕೆ ದೊರೆತ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದ ಮಕ್ಕಳದಕ್ಕಿಂತ ಬಹಳ ಮುಂದಿತ್ತು. ಇಂದು ತಜ್ಞರು 'ಒಂದು-ಮೂರು-ಆರು' ಎಂಬ ಸುಲಭ ಸೂತ್ರ ಹೇಳುತ್ತಾರೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಆರೈಕೆಯ ಆರಂಭ.

ಪರೀಕ್ಷೆ ಹೇಗೆ?

ಎಳೆ ಶಿಶುವಿನ ಕಿವಿ ಪರೀಕ್ಷಿಸಲು ಅದು ಉತ್ತರ ಹೇಳಬೇಕಾಗಿಲ್ಲ. ಒಎಇ ಎಂಬ ಪರೀಕ್ಷೆಯಲ್ಲಿ ನಿದ್ರಿಸುತ್ತಿರುವ ಮಗುವಿನ ಕಿವಿಗೆ ಪುಟ್ಟ ಮೆದು ಬಿರಡೆಯಿಟ್ಟು ಸಣ್ಣ ಶಬ್ದ ಬಿಡುತ್ತಾರೆ. ಒಳಗಿವಿ ಆರೋಗ್ಯವಾಗಿದ್ದರೆ ಅದು ಕ್ಷೀಣವಾದ ಮರುದನಿ ಕೊಡುತ್ತದೆ; ಯಂತ್ರ ಅದನ್ನು ಗುರುತಿಸುತ್ತದೆ. ಕೆಲವೇ ನಿಮಿಷಗಳ ಕೆಲಸ, ನೋವಿಲ್ಲ. ಮೊದಲ ದಿನಗಳಲ್ಲಿ ಕಿವಿಯೊಳಗೆ ಹೆರಿಗೆಯ ದ್ರವ ಉಳಿದಿದ್ದರೂ ಫಲಿತಾಂಶ ಸರಿ ಬಾರದಿರಬಹುದು. ಆದ್ದರಿಂದ 'ಮತ್ತೊಮ್ಮೆ ತನ್ನಿ' ಎಂದರೆ ಮಗು ಕಿವುಡೆಂದು ಎದೆಗುಂದಬಾರದು. ಹಾಗೆಂದು ಮರುಪರೀಕ್ಷೆ ತಪ್ಪಿಸಲೂ ಬಾರದು. ಅನುಮಾನ ಉಳಿದರೆ ಬೇರಾ ಎಂಬ ಪರೀಕ್ಷೆಯಿಂದ ಶಬ್ದವು ಕಿವಿಯ ನರದ ಮೂಲಕ ಮಿದುಳಿಗೆ ತಲಪುವುದೇ ಎಂದು ತಿಳಿಯಬಹುದು. ಹುಟ್ಟಿದಾಗ ತೀವ್ರ ಕಾಮಾಲೆ ಬಂದ, ತುರ್ತು ನಿಗಾ ಘಟಕದಲ್ಲಿದ್ದ ಮಕ್ಕಳಿಗೆ ಒಎಇ ಒಂದೇ ಸಾಲದು, ಬೇರಾ ಪರೀಕ್ಷೆಯೂ ಆಗಬೇಕು.

ಮನೆಯಲ್ಲಿ ತಟ್ಟೆ ಬಡಿದು, ಬಾಗಿಲು ಹಾಕಿ ನೋಡುವ ಪರೀಕ್ಷೆಯನ್ನು ನಂಬಬೇಡಿ. ಮಗು ನೆರಳು ಕಂಡೋ ನೆಲದ ಅದುರು ತಿಳಿದೋ ತಿರುಗಿರಬಹುದು. ಹುಟ್ಟು ಕಿವುಡಾದ ಶಿಶುವೂ ಮೊದಲ ತಿಂಗಳುಗಳಲ್ಲಿ ಅಳುತ್ತದೆ, ನಗುತ್ತದೆ, 'ಊ' 'ಆ' ಎನ್ನುತ್ತದೆ. ಹಾಗಾಗಿಯೇ ಎಷ್ಟೋ ತಾಯಂದಿರು ಮೋಸಹೋಗುತ್ತಾರೆ.

ಗಮನಿಸಬೇಕಾದ ಲಕ್ಷಣಗಳು

ಮೂರು ತಿಂಗಳಾದರೂ ಜೋರು ಸದ್ದಿಗೆ ಬೆಚ್ಚದಿರುವುದು, ತಾಯಿಯ ದನಿಗೆ ಸುಮ್ಮನಾಗದಿರುವುದು. ಆರೇಳು ತಿಂಗಳಿಗೆ ಸದ್ದು ಬಂದ ಕಡೆ ತಿರುಗದಿರುವುದು. ಹತ್ತು ತಿಂಗಳಾದರೂ 'ಬಾಬಾ' 'ಮಾಮಾ' ಎಂಬ ತೊದಲು ಬಾರದಿರುವುದು. ಒಂದೂವರೆ ವರ್ಷಕ್ಕೆ ಒಂದು ಮಾತೂ ಇಲ್ಲದಿರುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನವೇ ಹೊರಡಬೇಕು. ಮಗು ಹುಟ್ಟಿದಾಗ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಮಿದುಳುಪೊರೆಯ ಜ್ವರ, ದಡಾರ, ಮಂಗಬಾವು ಬಂದ ನಂತರ ಪುನಃ ಪರೀಕ್ಷಿಸಬೇಕು. ಮಿದುಳುಪೊರೆಯ ಜ್ವರದ ನಂತರವಂತೂ ತಡಮಾಡಲೇಬಾರದು; ಒಳಗಿವಿಯಲ್ಲಿ ಮೂಳೆ ಬೆಳೆದು ಮುಂದಿನ ಚಿಕಿತ್ಸೆಗೆ ಅಡ್ಡಿಯಾಗಬಹುದು.

ತಡೆಗಟ್ಟುವುದು ಸಾಧ್ಯವೇ?

ಮಕ್ಕಳ ಕಿವುಡಿನಲ್ಲಿ ಸುಮಾರು ಶೇ. 60ರಷ್ಟು ತಡೆಯಬಹುದಾದದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಶಿಶುವಿನ ಕಿವಿ ಹಾಳಾಗಬಹುದು. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರಲ್ಲಿ ಆರಂಭವಾದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಲಸಿಕೆ ಯಾವ ಮಗುವಿಗೂ ತಪ್ಪಬಾರದು. ಸೋದರಮಾವ, ಸೋದರತ್ತೆಯ ಮಕ್ಕಳಂಥ ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು. ಕಿವಿ ಸೋರುವುದನ್ನು 'ಹಲ್ಲು ಬರುವಾಗ ಇದ್ದದ್ದೇ' ಎಂದು ಬಿಡದೆ ಚಿಕಿತ್ಸೆ ಮಾಡಿಸಬೇಕು. ಬಿಸಿ ಎಣ್ಣೆ, ಎದೆಹಾಲು, ಸೊಪ್ಪಿನ ರಸ ಏನನ್ನೂ ಕಿವಿಗೆ ಹಾಕಬಾರದು. ಕಡ್ಡಿ, ಪಿನ್ನು ತೂರಿಸಬಾರದು.

ಆರೈಕೆ

ದೋಷ ಖಚಿತವಾದ ಕೂಡಲೇ ಶ್ರವಣಯಂತ್ರ ಹಾಕಿಸಬೇಕು. ಮೂರು ತಿಂಗಳ ಕೂಸಿಗೂ ಅದನ್ನು ಹಾಕಬಹುದು. ಯಂತ್ರದಿಂದ ಪ್ರಯೋಜನವಾಗದ ತೀವ್ರ ಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಇದಕ್ಕೆ ಸರ್ಕಾರದ ನೆರವು ದೊರೆಯುತ್ತದೆ, ಆದರೆ ವಯಸ್ಸಿನ ಮಿತಿಯುಂಟು. ತಡಮಾಡಿದವರಿಗೆ ಆ ಬಾಗಿಲು ಮುಚ್ಚಬಹುದು. ಯಂತ್ರ ಹಾಕಿದ ಮಾತ್ರಕ್ಕೆ ಮಾತು ಬಾರದು. ಹೂಮಳೆಯ ನಂತರ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕಲ್ಲವೇ? ಹಾಗೆ ತರಬೇತಿ ಬೇಕು, ಮನೆಮಂದಿ ದಿನವಿಡೀ ಮಗುವಿನ ಮುಖ ನೋಡಿ ಮಾತಾಡಬೇಕು. ಯಂತ್ರದ ನೆರವು ಸಾಲದ ಮಕ್ಕಳಿಗೆ ಸಂಜ್ಞಾ ಭಾಷೆ ಕಲಿಸಬೇಕು. ಅದೂ ಪೂರ್ಣ ಭಾಷೆಯೇ. ಯಾವ ಭಾಷೆಯೂ ಇಲ್ಲದೆ ಮಗು ಬೆಳೆಯುವಂತಾಗಬಾರದು.

ಮಲೆನಾಡಿನ ಮಳೆಗಾಲದ ತೇವ ಶ್ರವಣಯಂತ್ರಕ್ಕೆ ಶತ್ರು. ರಾತ್ರಿ ಬ್ಯಾಟರಿ ತೆಗೆದು, ಯಂತ್ರವನ್ನು ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸಿ. ಅಡಿಕೆ ಒಣಗಿಸುವಂತೆ ಒಲೆಯ ಮೇಲೆ ಇಡಬೇಡಿ, ಯಂತ್ರ ಕೆಡುತ್ತದೆ. ಗುಂಡಿ ಬ್ಯಾಟರಿ ಮಕ್ಕಳ ಬಾಯಿಗೆ ಹೋಗದಂತೆ ಎಚ್ಚರವಿರಲಿ. ಕಿವಿ ಬೆಳೆದು ಅಚ್ಚು ಸಡಿಲವಾಗಿ ಯಂತ್ರ ಸಿಳ್ಳೆ ಹೊಡೆದರೆ ಹೊಸ ಅಚ್ಚು ಮಾಡಿಸಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕಳಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೆ ಬರುವ ವೈದ್ಯ ತಂಡಕ್ಕೂ ತೋರಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಯಂತ್ರ, ತರಬೇತಿ ಮೂರೂ ದೊರೆಯುತ್ತವೆ.

ಕೊನೆಯದಾಗಿ ಒಂದು ಮಾತು. ನಮ್ಮ ತೋಟಗಳಲ್ಲಿ ದುಡಿಯುವವರ ಮನೆಗಳಲ್ಲೂ ತೊಟ್ಟಿಲುಗಳಿವೆ. ದಿನಗೂಲಿ ತಪ್ಪುವ ಭಯದಿಂದ ಅವರು ಆಸ್ಪತ್ರೆಯ ದಾರಿಯನ್ನು ಮುಂದೂಡುತ್ತಾರೆ. ಕೂಲಿ ಹಿಡಿಯದೆ ಒಂದು ದಿನದ ಬಿಡುವು ಕೊಟ್ಟು ಕಳಿಸಿದರೆ ನಮಗಾಗುವ ನಷ್ಟ ಅಲ್ಪ; ಆ ಮಗುವಿಗೆ ದಕ್ಕುವುದು ಜೀವನಪೂರ್ತಿಯ ಮಾತು. ಈ ವಿಷಯವನ್ನು ಸದಸ್ಯರು ನೆರೆಹೊರೆಯವರಿಗೂ ತಿಳಿಸಬೇಕಾಗಿ ಕೋರಿಕೆ.