ಪೋಸ್ಟರಿನಲ್ಲಿರುವ ಹೆಸರು ಬೇರೆ, ಮನೆ ಬಾಗಿಲಿಗೆ ಬರುವ ಮುಖ ಬೇರೆ

ಪುತ್ತೂರು: ಪಲ್ಸ್ ಪೋಲಿಯೊ ಭಾನುವಾರ ಬಂತೆಂದರೆ ಬಸ್ ನಿಲ್ದಾಣದ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ನೀಲಿ ಪೆಟ್ಟಿಗೆ ಪ್ರತ್ಯಕ್ಷವಾಗುತ್ತದೆ. ಸುಳ್ಯದ ಬಸ್ಸಿನಿಂದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಇಳಿದ ತಾಯಿ ಒಂದು ನಿಮಿಷ ಅಲ್ಲಿ ನಿಲ್ಲುತ್ತಾಳೆ. ಮಗುವಿನ ಬಾಯಿಗೆ ಎರಡು ಹನಿ, ಎಡಗೈಯ ಕಿರುಬೆರಳಿಗೆ ಶಾಯಿ. ಅಷ್ಟರಲ್ಲಿ ಕಡಬದ ಬಸ್ಸು ಹಾರ್ನ್ ಹಾಕುತ್ತದೆ. ತಾಯಿ ಓಡುತ್ತಾಳೆ. ಕೆಲಸ ಮುಗಿಯಿತು.

ಹಿಂದಿನ ಗೋಡೆಯಲ್ಲಿ ಪೋಸ್ಟರ್ ಉಂಟು. ನಗುವ ಮಗು, ಕೆಳಗೆ ಸಾಲಾಗಿ ಸಂಸ್ಥೆಗಳ ಮುದ್ರೆ: ಆರೋಗ್ಯ ಇಲಾಖೆ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ರೋಟರಿ. ಪಕ್ಕದ ಅಂಗಡಿಯವರು ವರ್ಷಗಳಿಂದ ಇಂಥ ಪೋಸ್ಟರ್ ನೋಡುತ್ತಿದ್ದಾರೆ. ಕೇಳುವ ಪ್ರಶ್ನೆ ಒಂದೇ: "ಇದೆಲ್ಲ ಯಾರ ದುಡ್ಡು ಮಾರಾಯ್ರೆ? ನಮಗೆ ಯಾಕೆ ಪುಕ್ಕಟೆ ಕೊಡ್ತಾರೆ?"

ವ್ಯಾಪಾರಸ್ಥರ ಪ್ರಶ್ನೆ ಸರಿಯಾದ ಪ್ರಶ್ನೆಯೇ. ಪುಕ್ಕಟೆ ಎಂದ ಕೂಡಲೇ ಅನುಮಾನ ಬರುವುದು ಸಹಜ. ಆ ಅನುಮಾನಕ್ಕೆ ಉತ್ತರ ಸಿಗದಿದ್ದರೆ ನಷ್ಟವಾಗುವುದು ಸಂಸ್ಥೆಗಲ್ಲ, ಮಗುವಿಗೆ.

ಜೀಪಿನ ಬಾಗಿಲಲ್ಲಿ ಓದಿದ ಹೆಸರು

ಯುನಿಸೆಫ್ ಹುಟ್ಟಿದ್ದು 1946ರ ಡಿಸೆಂಬರಿನಲ್ಲಿ, ಎರಡನೆಯ ಮಹಾಯುದ್ಧದಲ್ಲಿ ದಿಕ್ಕೆಟ್ಟ ಯುರೋಪಿನ ಮಕ್ಕಳಿಗಾಗಿ. 1949ರಲ್ಲಿ ಅದು ಭಾರತಕ್ಕೆ ಬಂತು. ಆಗ ಇದ್ದದ್ದು ಮೂರೇ ಜನ ಸಿಬ್ಬಂದಿ. ಆಮೇಲೆ ಹಾಲಿನ ಪುಡಿ ಬಂತು, ಆರೋಗ್ಯ ಕೇಂದ್ರಗಳಿಗೆ ಜೀಪು ಬಂತು, ಕೈಪಂಪು ಬಂತು. ಹಳ್ಳಿಯ ಹಿರಿಯರಲ್ಲಿ ಅನೇಕರು ಆ ಹೆಸರನ್ನು ಮೊದಲು ಓದಿದ್ದು ಪುಸ್ತಕದಲ್ಲಲ್ಲ, ಜೀಪಿನ ಬಾಗಿಲಲ್ಲಿ. ಶಾಲೆಯಲ್ಲಿ ಕೇರ್ ಉಪ್ಪಿಟ್ಟು ತಿಂದ ತಲೆಮಾರಿಗೆ ಪರದೇಶದ ನೆರವು ಎಂದರೆ ಹೊಸ ಸಂಗತಿಯೇನಲ್ಲ.

ವಿಶ್ವಸಂಸ್ಥೆಗೆ ದೇಶಗಳು ಕಡ್ಡಾಯವಾಗಿ ಕಟ್ಟುವ ವಂತಿಗೆಯಿಂದ ಯುನಿಸೆಫಿಗೆ ಹಣ ಸಿಗುವುದಿಲ್ಲ. ಸರಕಾರಗಳು, ಕಂಪೆನಿಗಳು, ಸಾಮಾನ್ಯ ಜನರು ಮನಸ್ಸು ಬಂದು ಕೊಟ್ಟರೆ ಮಾತ್ರ ಉಂಟು. ಜಾತ್ರೆಗೆ ರಶೀದಿ ಪುಸ್ತಕ ಹಿಡಿದು ಹೊರಟ ಸಮಿತಿಯ ಹಾಗೆ. ಆದ್ದರಿಂದ ಅದರ ಪ್ರಚಾರ ವಿಭಾಗಕ್ಕೆ ಎರಡು ಕೆಲಸ. ಒಂದು, ತಾಯಂದಿರಿಗೆ "ಮಗುವನ್ನು ತನ್ನಿ" ಎಂದು ಹೇಳುವುದು. ಇನ್ನೊಂದು, ಹಣ ಕೊಟ್ಟವರಿಗೆ "ನೋಡಿ, ನಿಮ್ಮ ದುಡ್ಡಿನಿಂದ ಇಷ್ಟಾಯಿತು" ಎಂದು ತೋರಿಸುವುದು.

ಎರಡೂ ಬೇಕು. ಆದರೆ ಎರಡೂ ಒಂದೇ ಅಲ್ಲ. ನಗುವ ಮಗುವಿನ ಚಿತ್ರ ದಾನಿಗೆ ಸಾಕು. ಕಲ್ಮಕಾರಿನ ತಾಯಿಗೆ ಸಾಲದು. ಅವಳಿಗೆ ಬೇಕಾದ ಉತ್ತರ ಬೇರೆ.

ಗಾವಿ ಎಂಬ ಇನ್ನೊಂದು ಒಕ್ಕೂಟ 2000ದಲ್ಲಿ ಹುಟ್ಟಿತು. ಬಡ ದೇಶಗಳಿಗೆ ಹೊಸ ಲಸಿಕೆ ಕೊಡಿಸುವುದು ಅದರ ಕಸುಬು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ ಎಂಬ ಐದಕ್ಕೆ ಒಂದೇ ಸೂಜಿಯ ಪೆಂಟಾವೆಲೆಂಟ್ ಲಸಿಕೆ ಭಾರತದ ಸರಕಾರಿ ಕಾರ್ಯಕ್ರಮಕ್ಕೆ 2011ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡಿನಿಂದ ಕಾಲಿಟ್ಟದ್ದು ಗಾವಿಯ ನೆರವಿನಿಂದ. ಕರ್ನಾಟಕದ ಸರದಿ ಅದರ ನಂತರ ಬಂತು. ಕೊಡುವ ಕೈ ಪರದೇಶದ್ದಾದರೂ ಲಸಿಕೆಯ ಬಹುಪಾಲು ತಯಾರಾಗುವುದು ಪುಣೆ, ಹೈದರಾಬಾದಿನ ಕಡೆ. ಜಗತ್ತಿನ ಮಕ್ಕಳಿಗೆ ಅತಿ ಹೆಚ್ಚು ಲಸಿಕೆ ತಯಾರಿಸುವ ದೇಶಗಳಲ್ಲಿ ನಮ್ಮದೂ ಒಂದು. ಕೈ ಚಾಚಿದ ಭಾರತ ಈಗ ಗಾವಿಗೆ ತಾನೂ ವಂತಿಗೆ ಕೊಡುತ್ತಿದೆ ಎಂಬುದು ಪೋಸ್ಟರಿನಲ್ಲಿ ಬರುವುದಿಲ್ಲ. ಬರಬೇಕಿತ್ತು.

ಎರಡು ಹನಿಯ ಲೆಕ್ಕ

ಪೋಲಿಯೊ ಕಥೆ ಗೊತ್ತಿದ್ದವರಿಗೆ ಪ್ರಚಾರದ ಬೆಲೆ ಗೊತ್ತುಂಟು. 1985ರಲ್ಲಿ ಕೇಂದ್ರ ಸರಕಾರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭಿಸಿತು. ಅದೇ ವರ್ಷ ರೋಟರಿ ಸಂಸ್ಥೆ ಪೋಲಿಯೊ ವಿರುದ್ಧ ಜಾಗತಿಕ ಹೋರಾಟಕ್ಕೆ ಇಳಿಯಿತು. 1988ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳಿಗೆ ಪೋಲಿಯೊ ಬಡಿಯುತ್ತಿತ್ತು. ಭಾರತದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರ ಡಿಸೆಂಬರಿನಲ್ಲಿ.

ಇಷ್ಟಾದರೂ 2009ರಲ್ಲಿ ದೇಶದಲ್ಲಿ 741 ಪ್ರಕರಣ. ಜಗತ್ತಿನಲ್ಲೇ ಅತಿ ಹೆಚ್ಚು. 2010ರಲ್ಲಿ 42. 2011ರಲ್ಲಿ ಒಂದೇ ಒಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ, ಜನವರಿ 13ರಂದು. ಅದೇ ಕೊನೆ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವಿರುವ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತ ಎಂದು ಘೋಷಿಸಿತು.

ಇದು ಹೇಗಾಯಿತು? ಟಿ.ವಿ.ಯಲ್ಲಿ ಅಮಿತಾಭ್ ಬಚ್ಚನ್ ಸಿಟ್ಟಿನಿಂದ ಗದರಿಸಿದ್ದು ಒಂದು ಕಾರಣ ನಿಜ. ಆದರೆ ಉತ್ತರ ಪ್ರದೇಶ, ಬಿಹಾರದಲ್ಲಿ ಬಾಗಿಲು ಹಾಕಿಕೊಂಡ ಮನೆಗಳನ್ನು ತೆರೆಸಿದ್ದು ಬಚ್ಚನ್ ಒಬ್ಬರೇ ಅಲ್ಲ. ಅದೇ ಊರಿನ, ಅದೇ ಕೇರಿಯ ಸಾವಿರಾರು ಹೆಂಗಸರನ್ನು ಯುನಿಸೆಫ್ ಗೊತ್ತುಮಾಡಿ ಮನೆ ಮನೆಗೆ ಕಳಿಸಿತು. ಮಸೀದಿಯ ಧ್ವನಿವರ್ಧಕದಲ್ಲಿ ಮೌಲ್ವಿಗಳಿಂದ ಹೇಳಿಸಿತು. ಪ್ರಚಾರ ಎಂದರೆ ಗೋಡೆಯಲ್ಲ, ಬಾಯಿ ಎಂಬ ಪಾಠ ಕಲಿತದ್ದು ಅಲ್ಲಿ.

ವಾಟ್ಸಾಪ್ ಗೆದ್ದ ದಿನ

ಆ ಪಾಠ ಮರೆತರೆ ಏನಾಗುತ್ತದೆ ಎಂಬುದು 2017ರಲ್ಲಿ ಕಂಡಿತು. ಆ ವರ್ಷದ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನ ದೇಶದಲ್ಲಿ ಮೊದಲು ಆರಂಭವಾದ ಜಾಗಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಒಂದೊಂದು ಸೂಜಿ. ಶಾಲೆಗಳಲ್ಲೇ ವ್ಯವಸ್ಥೆ. ಬ್ಯಾನರ್ ಬಂತು, ಕರಪತ್ರ ಬಂತು. ಅದಕ್ಕಿಂತ ಮೊದಲೇ ಮೊಬೈಲಿಗೆ ಸಂದೇಶ ಬಂದಾಗಿತ್ತು: ಲಸಿಕೆ ಹಾಕಿಸಬೇಡಿ, ಮಕ್ಕಳಿಗೆ ಅಪಾಯ, ಮುಂದೆ ಮಕ್ಕಳಾಗುವುದಿಲ್ಲ. ಹೇಳಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಫಾರ್ವರ್ಡ್ ಮಾಡಿದವರು ಮಾತ್ರ ಎಲ್ಲರೂ.

ಆ ಸಂದೇಶ ಸುಳ್ಳು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಹುಟ್ಟುವ ಮಗುವಿಗೆ ಕಿವುಡು, ಕುರುಡು, ಹೃದಯದ ತೊಂದರೆ ಬರಬಹುದು. ಅದನ್ನು ತಡೆಯಲಿಕ್ಕೇ ಆ ಲಸಿಕೆ. ಅಂದರೆ ಮುಂದಿನ ಪೀಳಿಗೆಯನ್ನು ಉಳಿಸುವ ಸೂಜಿಯ ಮೇಲೆಯೇ ಮುಂದಿನ ಪೀಳಿಗೆ ಇಲ್ಲದಾಗುತ್ತದೆ ಎಂಬ ಅಪವಾದ! ದಡಾರವಂತೂ ಹರಡುವುದರಲ್ಲಿ ಎತ್ತಿದ ಕೈ. ಲಸಿಕೆ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ದಾಟುತ್ತದೆ. 100ರಲ್ಲಿ 95 ಮಕ್ಕಳಿಗೆ ಲಸಿಕೆ ಆಗಿದ್ದರೆ ಮಾತ್ರ ಅದು ನಿಲ್ಲುತ್ತದೆ. ಒಂದು ತುಂಬಿದ ಬಸ್ಸಿನಲ್ಲಿ ಕೆಮ್ಮುವ ಒಂದು ಮಗು ಸಾಕು ಎಂದರೆ ಬಸ್ಸಿನಲ್ಲಿ ದಿನಾ ಹೋಗುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಪೋಸ್ಟರ್, ಏಳೆಂಟು ಮಾತು

ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿಗೆ ಪೋಸ್ಟರ್ ಬರುವುದು ಕನ್ನಡದಲ್ಲಿ. ಕನ್ನಡ ಓದಲಿಕ್ಕೆ ಬರುವವರಿಗೆ ಕೊರತೆಯಿಲ್ಲ. ಆದರೆ ಮಗುವಿಗೆ ರಾತ್ರಿ ಜ್ವರ ಬಂದಾಗ ಮನೆಯಲ್ಲಿ ಆಡುವ ಮಾತು ಕನ್ನಡವೇ ಆಗಬೇಕೆಂದಿಲ್ಲ. ಪೇಟೆಯಲ್ಲಿ ತುಳು, ಸುಳ್ಯದ ಗೌಡರ ಮನೆಯಲ್ಲಿ ಅರೆಭಾಷೆ, ಉಪ್ಪಿನಂಗಡಿಯ ಸಾಬರ ಮನೆಯಲ್ಲಿ ಬ್ಯಾರಿ, ಅಡಿಕೆ ತೋಟದ ಭಟ್ಟರ ಮನೆಯಲ್ಲಿ ಹವ್ಯಕ, ಗಡಿಯ ಕಡೆ ಮಲಯಾಳ, ಇನ್ನು ಕೆಲವೆಡೆ ಕೊಂಕಣಿ, ಮರಾಠಿ. ಶ್ರೀಲಂಕಾದಿಂದ ವಾಪಸು ಬಂದ ಕುಟುಂಬಗಳು ನೆಲೆಸಿದ ಸರಕಾರಿ ರಬ್ಬರ್ ತೋಟಗಳಲ್ಲಿ ತಮಿಳು. ಈಚೆಗೆ ತೋಟದ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರ ಬಿಡಾರಗಳಲ್ಲಿ ಹಿಂದಿ, ಬಂಗಾಳಿ, ಉತ್ತರ ಕರ್ನಾಟಕದ ಕನ್ನಡ.

ಬೆಂಗಳೂರಿನಲ್ಲಿ ಅಚ್ಚಾದ ಒಂದು ಹಾಳೆ ಇವರೆಲ್ಲರ ಹತ್ತಿರ ಮಾತಾಡಲಾರದು. ಮಾತಾಡುವುದು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್. ಹೊಸಿಲಲ್ಲಿ ಕೂತು, ನೀರು ಕುಡಿದು, ದನ ಕರು ಹಾಕಿತಾ ಎಂದು ವಿಚಾರಿಸಿ, ಆಮೇಲೆ ತಾಯಿ ಕಾರ್ಡ್ ಕೇಳುತ್ತಾರೆ. ತಾಯಂದಿರು ಎತ್ತುವ ಮಾತು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ: "ಸೂಜಿ ಹಾಕಿದ್ರೆ ಜ್ವರ ಬರ್ತದೆ ಅಕ್ಕ. ನಾಳೆ ನಾನು ಕೆಲಸಕ್ಕೆ ಹೋಗ್ಬೇಕು. ಮಗುವನ್ನು ಯಾರು ನೋಡುದು?"

ಇಲ್ಲೇ ಇರುವುದು ಗುಟ್ಟು. ಪೋಸ್ಟರ್ ಜ್ವರದ ಸುದ್ದಿ ಎತ್ತುವುದಿಲ್ಲ. ನಗುವ ಮಗುವಿಗೆ ಜ್ವರ ಎಲ್ಲಿಂದ ಬರಬೇಕು? ಆದರೆ ನಾಯಿಕೆಮ್ಮಿನ ಅಂಶವಿರುವ ಲಸಿಕೆಗೆ ಒಂದೆರಡು ದಿನ ಜ್ವರ, ಸೂಜಿ ಚುಚ್ಚಿದಲ್ಲಿ ಬಾವು ಬರುವುದುಂಟು. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಸಿಸ್ಟರ್ ಕೊಡುವ ಪ್ಯಾರಾಸಿಟಮಾಲ್ ಅದಕ್ಕಾಗಿಯೇ. ಇದನ್ನು ಮೊದಲೇ ಹೇಳಿದ ಆಶಾ ಅಕ್ಕನನ್ನು ಮರುದಿನ ತಾಯಿ ನಂಬುತ್ತಾಳೆ. ಹೇಳದೆ ಹೋದರೆ ಮುಂದಿನ ಸಲ ಬಾಗಿಲು ತೆರೆಯುವುದಿಲ್ಲ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರ ಎಂದು ಮೂರು ಸಲ ಬರಬೇಕಾದ ಮಗು ಒಂದೇ ಸಲಕ್ಕೆ ನಿಂತುಬಿಡುತ್ತದೆ. ಅರ್ಧ ಲಸಿಕೆ ಅಂದರೆ ಅರ್ಧ ಕಟ್ಟಿದ ಸಂಕ ಇದ್ದ ಹಾಗೆ. ಮಳೆಗಾಲಕ್ಕೆ ಪ್ರಯೋಜನವಿಲ್ಲ.

ನೀಲಿ ಪೆಟ್ಟಿಗೆಯ ಚಿಂತೆ

ಮಾತು ಗೆದ್ದರೂ ಲಸಿಕೆ ತಣ್ಣಗೆ ತಲುಪಬೇಕು. ಲಸಿಕೆ ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಆರೋಗ್ಯ ಕೇಂದ್ರದ ಫ್ರಿಜ್ಜಿನಿಂದ ಐಸ್ ಪ್ಯಾಕ್ ಇಟ್ಟ ನೀಲಿ ಪೆಟ್ಟಿಗೆಗೆ, ಅಲ್ಲಿಂದ ಬಸ್ಸಿನಲ್ಲಿ, ಜೀಪಿನಲ್ಲಿ, ಕೊನೆಗೆ ಕಾಲ್ನಡಿಗೆಯಲ್ಲಿ ಗುತ್ತಿಗಾರು, ಕೊಲ್ಲಮೊಗ್ರು, ಶಿರಾಡಿಯ ಕಡೆ ಹೋಗಬೇಕು. ಗಾಳಿಮಳೆಗೆ ತಂತಿ ಮೇಲೆ ಮರ ಬಿದ್ದು ಕರೆಂಟು ಹೋಗುವ ಊರು ಇವು. ಪೋಲಿಯೊ ಬಾಟಲಿಯ ಮೇಲೆ ಒಂದು ಸಣ್ಣ ಚೌಕ ಉಂಟು. ಬಿಸಿ ತಾಗಿದರೆ ಅದು ಕಪ್ಪಾಗುತ್ತಾ ಬರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತದಷ್ಟೇ ಕಪ್ಪಾಯಿತೆಂದರೆ ಆ ಬಾಟಲಿ ಕಸಕ್ಕೆ. ಓದು ಬಾರದವರೂ ನೋಡಿ ತಿಳಿಯಬಹುದಾದ ಗುರುತು. ತಾಯಂದಿರು ಅದನ್ನು ತೋರಿಸಿ ಎಂದು ಕೇಳಿದರೆ ಯಾರೂ ಬೇಸರ ಮಾಡಬೇಕಾಗಿಲ್ಲ.

ಖಾಸಗಿ ಕ್ಲಿನಿಕ್ಕಿನಲ್ಲಿ ಜ್ವರ ಕಡಿಮೆ ಬರುವ ಸೂಜಿ ಸಿಗುತ್ತದೆ, ದುಡ್ಡು ಹೆಚ್ಚು. ಆದರೆ ದುಡ್ಡಿಲ್ಲವೆಂದು ಲಸಿಕೆಯನ್ನೇ ಬಿಡುವುದು ತಪ್ಪು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಲಸಿಕೆ ಅದೇ ರೋಗಗಳನ್ನು ತಡೆಯುತ್ತದೆ.

ಹೆಸರಿಲ್ಲದವರ ಪಾಲು

ಒಂದು ವರ್ಷದೊಳಗೆ ಮಗುವಿನ ಎಲ್ಲ ಲಸಿಕೆ ಮುಗಿಸಿದರೆ ಆಶಾ ಕಾರ್ಯಕರ್ತೆಗೆ ಸಿಗುವ ಪ್ರೋತ್ಸಾಹಧನ 100 ರೂಪಾಯಿ. ಆ ಒಂದು ವರ್ಷದಲ್ಲಿ ಆ ಮನೆಗೆ ಎಷ್ಟು ಸಲ ಹತ್ತಿ ಇಳಿದಳು ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತರು. ಕೇಳಿದ್ದು ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ. ಸರಕಾರದಿಂದ ಸಿಕ್ಕಿದ್ದು ಕನಿಷ್ಠ 10 ಸಾವಿರದ ಭರವಸೆ.

ಅದೇ ವರ್ಷದ ಜೂನ್ ತಿಂಗಳಲ್ಲಿ ಅಮೆರಿಕ ಇನ್ನು ಮುಂದೆ ಗಾವಿಗೆ ಹಣ ಕೊಡುವುದಿಲ್ಲ ಎಂದು ಹೇಳಿತು. ದೊಡ್ಡ ದಾನಿ ಕೈ ಎಳೆದುಕೊಂಡರೆ ಆಫ್ರಿಕಾದ ಬಡ ದೇಶಗಳಿಗೆ ದೊಡ್ಡ ಪೆಟ್ಟು. ಭಾರತ ತನ್ನ ಮಕ್ಕಳ ಲಸಿಕೆಗೆ ಬಹುಪಾಲು ತನ್ನ ಬೊಕ್ಕಸದಿಂದಲೇ ಖರ್ಚು ಮಾಡುವುದರಿಂದ ಪುತ್ತೂರಿನ ಮಗುವಿನ ಸೂಜಿ ನಿಲ್ಲಲಾರದು. ಆದರೆ ಒಂದು ಮಾತು ಸ್ಪಷ್ಟವಾಯಿತು. ದಾನಿಯ ಮನಸ್ಸು ಬದಲಾಗಬಹುದು, ಮುದ್ರೆ ಅಳಿಸಿಹೋಗಬಹುದು. ಉಳಿಯುವುದು ಊರಿನ ಹೆಂಗಸು, ಅವಳ ಚೀಲ, ಅವಳ ಮಾತು. ಅವಳಿಗೆ ಕೊಡುವ ಸಂಬಳವೂ ಲಸಿಕೆಯ ಖರ್ಚೇ ಎಂದು ಲೆಕ್ಕ ಹಾಕುವವರು ಬೇಕು.

ಪೇಟೆಯವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಬಿಡಾರದಿಂದ ಅಕ್ಕಿ ಸಾಮಾನಿಗೆ ಬರುವ ಹೊಸ ಕುಟುಂಬವನ್ನು ಮೊದಲು ಕಾಣುವವರು ಅಂಗಡಿಯವರೇ. "ಮಗುವಿಗೆ ಸೂಜಿ ಆಗಿದೆಯಾ?" ಎಂದು ಒಂದು ಮಾತು ಕೇಳಿ, ಆಶಾ ಅಕ್ಕನಿಗೆ ಒಂದು ಫೋನು ಮಾಡಿದರೆ ಸಾಕು. ಊರು ಬಿಟ್ಟು ಊರಿಗೆ ಬಂದ ಮಗುವಿನ ಹೆಸರು ಯಾವ ಪಟ್ಟಿಯಲ್ಲೂ ಇರದೆ ಹೋಗುವುದು ಹೀಗೆಯೇ ತಪ್ಪಬೇಕು. ಬಸ್ಸಿನಲ್ಲಿ ಮೊಬೈಲಿಗೆ ಬಂದ ಲಸಿಕೆಯ ಸಂದೇಶವನ್ನು ಮುಂದೆ ತಳ್ಳುವ ಮೊದಲು ಆರೋಗ್ಯ ಕೇಂದ್ರದ ಸಿಸ್ಟರನ್ನು ಒಮ್ಮೆ ಕೇಳಿದರೆ ಅದೂ ಒಂದು ಸೇವೆ.

ಸಂಜೆಯ ಹೊತ್ತಿಗೆ ಬಸ್ ನಿಲ್ದಾಣದ ಮೇಜು ಎತ್ತುತ್ತಾರೆ. ಪೋಸ್ಟರ್ ಗೋಡೆಯಲ್ಲೇ ಇರುತ್ತದೆ, ಮಳೆ ಬರುವ ತನಕ. ಸೋಮವಾರ ಬೆಳಿಗ್ಗೆ ನೀಲಿ ಪೆಟ್ಟಿಗೆ ಹೆಗಲಿಗೇರಿಸಿ, ಶಾಯಿ ಬೀಳದ ಕಿರುಬೆರಳುಗಳನ್ನು ಹುಡುಕಿಕೊಂಡು ಮನೆ ಮನೆ ಹತ್ತುವವರು ಹೊರಡುತ್ತಾರೆ.